ನೆಲ ಡೊಂಕಿರಲಿಲ್ಲ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ಚಿಕ್ಕಂದಿನಿಂದ ನಿನ್ನ ಹಿಂದೆಯೇ ತಿರುಗಿದ ನಿನ್ನ ಬಾಲದ ನಮಸ್ಕಾರ. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಶುರು ಮಾಡಿ ಎರಡು ಹಾಳೆ ಹಾಳು ಮಾಡಿದೆ. ಇದು ಮೂರನೆಯದು, ಇದರಲ್ಲಿ ಆ ಸಾಲು ಇಲ್ಲ. ನೀನೂ ಭಾವನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಹೊಲಿಗೆ ಅಂಗಡಿಗೆ ಹೊಸ ಮೆಷಿನ್ನು ಬಂದಿದೆ ಎಂದು ಭಾವ ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು.

ನಿನ್ನೊಡನೆ ಮಾತಾಡಿ ಹನ್ನೊಂದು ತಿಂಗಳಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕೆಲಸದ ನೆಪ ಹೇಳಬಹುದಿತ್ತು. ಹೇಳುವುದಿಲ್ಲ. ನಿನ್ನ ನಂಬರಿಗೆ ಮಾಡಿದರೆ ಒಂದೇ ಸಲ ಕುಂಯ್ ಎಂದು ಕಟ್ಟಾಗುತ್ತದೆ. ನನ್ನನ್ನು ಬ್ಲಾಕ್ ಮಾಡಿದ್ದೀಯ ಎಂದು ಗೊತ್ತು. ಒಂದು ತಮಾಷೆ ಕೇಳು. ನಮ್ಮ ಕಂಪನಿಯ ಫೋನಿನಲ್ಲಿ ಆ ಬ್ಲಾಕ್ ಬಟನ್ನು ಎಲ್ಲಿರಬೇಕು, ಒತ್ತಿದಾಗ ‘ನಿಜವಾಗಿಯೂ ಬ್ಲಾಕ್ ಮಾಡಬೇಕೆ?’ ಎಂದು ಕೇಳಬೇಕೋ ಬೇಡವೋ ಎಂದು ಮೂರು ವಾರ ಚರ್ಚೆ ನಡೆದಿತ್ತು. ಕೇಳಕೂಡದು, ಒತ್ತುವವರಿಗೆ ತಮ್ಮ ಮನಸ್ಸು ಗೊತ್ತಿರುತ್ತದೆ ಎಂದು ಮೇಜು ಕುಟ್ಟಿ ವಾದಿಸಿದವಳು ನಾನು. ಮಾಡಿದ್ದುಣ್ಣೋ ಮಹಾರಾಯ.

ಆದ್ದರಿಂದ ಕಾಗದ, ಪೆನ್ನು. ಬೆರಳು ನೋಯುತ್ತಿದೆ. ಬರೆದದ್ದನ್ನು ಅಳಿಸಲು ಆಗುತ್ತಿಲ್ಲ, ನೀನು ಓದಿದೆಯೋ ಇಲ್ಲವೋ ಎಂದು ತೋರಿಸುವ ಗುರುತೂ ಇಲ್ಲ. ಅದೇ ಒಳ್ಳೆಯದು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಸುತ್ತಿ ಬಳಸುವುದಿಲ್ಲ. ಕಳೆದ ತಿಂಗಳು ಅಮ್ಮನನ್ನು ಡಾಕ್ಟರಿಗೆ ತೋರಿಸಿದೆ. ನೀನು ಹೇಳಿದ್ದೇ ಸರಿ. ಅವಳ ನೆನಪು ಹೋಗುತ್ತಿದೆ. ಇದು ವಯಸ್ಸಿನ ಮರೆವಲ್ಲ, ಕಾಯಿಲೆ. ಶುರುವಾಗಿ ಎರಡು ವರ್ಷವಾದರೂ ಆಗಿದೆಯಂತೆ. ನೀನು ಫೋನ್ ಮಾಡಿದಾಗ ಅವಳು ನಗುನಗುತ್ತಾ ಮಾತಾಡುತ್ತಾಳಲ್ಲ, ಇದನ್ನು ಹೇಳಿರುವುದಿಲ್ಲ. ಹೇಳಬೇಕೆಂಬುದೂ ಅವಳಿಗೆ ನೆನಪಿರಲಿಕ್ಕಿಲ್ಲ.

ಈಗ ಇದು ಹೇಗೆ ನನ್ನ ಕಣ್ಣೆದುರೇ ಇದ್ದು ನನಗೆ ಕಾಣಲಿಲ್ಲ ಎಂಬುದನ್ನು ಬರೆಯಬೇಕು. ಸಮರ್ಥನೆ ಎಂದುಕೊಳ್ಳಬೇಡ. ನಿನಗೆ ಲೆಕ್ಕ ಒಪ್ಪಿಸದೆ ನನಗೆ ಅನ್ನ ಇಳಿಯುತ್ತಿಲ್ಲ.

ನನ್ನ ಕೆಲಸವನ್ನು ನೀನು ಯಾವಾಗಲೂ ಆಡಿಕೊಳ್ಳುತ್ತಿದ್ದೆ. “ನಾನೂ ಬಟನ್ ಹಚ್ತೀನಿ, ನೀನೂ ಬಟನ್ ಹಚ್ತೀಯ. ನನ್ನದು ಕಿತ್ತು ಬಂದ್ರೆ ಗಿರಾಕಿ ಅಂಗಡಿಗೇ ಬಂದು ಬೈತಾರೆ. ನಿನ್ನದಕ್ಕೆ ಯಾರನ್ನ ಬೈಯೋದು?” ಎನ್ನುತ್ತಿದ್ದೆ. ನಾನು ನಗುತ್ತಿದ್ದೆ. ಫೋನಿನ ಪರದೆ ಮೇಲೆ ಯಾವುದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಒತ್ತಿದರೆ ಏನಾಗಬೇಕು ಎಂದು ತೀರ್ಮಾನಿಸುವುದು ನಮ್ಮ ಕಸುಬು. ಈ ಕಸುಬಿಗೆ ಎರಡು ನಿಯಮಗಳಿವೆ. ಎರಡನ್ನೂ ಕೆಲಸಕ್ಕೆ ಸೇರಿದ ದಿನವೇ ನಮ್ಮ ಮುಖ್ಯಸ್ಥರು ಹೇಳಿಕೊಟ್ಟರು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ, ಪಾಠ ಮಾಡುವ ಚಟ ಇರುವುದರಿಂದ.

ಒಂದು, ತಪ್ಪು ಎಂದೂ ಬಳಸುವವರದಲ್ಲ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆಯಲ್ಲ, ಅದನ್ನ ಈ ಬಾಗಿಲಾಚೆ ಬಿಟ್ಟು ಬನ್ನಿ. ಇಲ್ಲಿ ಯಾರಿಗಾದ್ರೂ ಕುಣಿಯೋಕೆ ಬರ್ಲಿಲ್ಲ ಅಂದ್ರೆ ನೆಲವೇ ಡೊಂಕು. ಹೋಗಿ ನೆಲ ಅಳೀರಿ” ಎಂದರು ಮೇಷ್ಟ್ರು. ಆ ಮಾತು ನನ್ನ ಎದೆಗೇ ತಾಗಿತು. ಯಾಕೆಂದು ನಿನಗೆ ಗೊತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಮ್ಮ ಆಪರೇಟರ್ ಆಗಿದ್ದಾಗ ನೂರಾರು ನಂಬರು ನಾಲಿಗೆಯ ತುದಿಯಲ್ಲಿರುತ್ತಿದ್ದವು. ತಂತಿ ಎತ್ತಿ ಬೋರ್ಡಿನ ರಂಧ್ರಕ್ಕೆ ಚುಚ್ಚಿ ಕರೆ ಜೋಡಿಸುವಾಗ ಅವಳ ಕೈ ನೋಡಬೇಕಿತ್ತು. ಅಲ್ಲಿಗೆ ಹೊಸ ಕೀಬೋರ್ಡು ಬಂದ ವಾರ ಯಾರೋ ಸಾಹೇಬರು ಎಲ್ಲರೆದುರು ಅವಳನ್ನು ದಡ್ಡಿ ಎಂದರು. ಅವತ್ತು ಮನೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದಳು. ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡಿದೆವು. “ನಮ್ಮ ಬೋರ್ಡಲ್ಲಿ ತಂತಿ ಎಲ್ಲಿಗೆ ಹೋಯ್ತು ಅಂತ ಕಣ್ಣಿಗೆ ಕಾಣ್ತಿತ್ತು. ಇದ್ರಲ್ಲಿ ಒತ್ತಿದ್ದು ಎಲ್ಲಿಗೆ ಹೋಗತ್ತೋ ದೇವ್ರಿಗೇ ಗೊತ್ತು” ಎಂದಳು. ನಾನು ಈ ಕಸುಬಿಗೆ ಬಂದದ್ದೇ ಆ ಸಾಹೇಬರ ಮೇಲಿನ ಸಿಟ್ಟಿನಿಂದ.

ಎರಡನೆಯ ನಿಯಮ, ಸಹಾಯ ಮಾಡಬಾರದು. ಹೊಸ ಪರದೆಯೊಂದನ್ನು ಜನರ ಕೈಗೆ ಕೊಟ್ಟು ಪರೀಕ್ಷೆ ಮಾಡುವಾಗ ಅವರು ಎಷ್ಟೇ ಒದ್ದಾಡಲಿ, ಬೆರಳು ತೋರಿಸಬಾರದು, ಹೌದು ಅಲ್ಲ ಎನ್ನಬಾರದು. “ಇದನ್ನ ಒತ್ತಲಾ?” ಎಂದು ಕೇಳಿದರೆ “ನಿಮಗೇನನಿಸುತ್ತೆ?” ಎಂದು ತಿರುಗಿ ಕೇಳಬೇಕು. ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಯಾಕೆಂದರೆ ನಾಳೆ ಅವರ ಮನೆಯಲ್ಲಿ ಪಕ್ಕದಲ್ಲಿ ನಾವಿರುವುದಿಲ್ಲ. ಮೊದಮೊದಲು ಈ ನಿಯಮ ಪಾಲಿಸಲು ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಎರಡೂ ಒಳ್ಳೆಯ ನಿಯಮಗಳೇ ಅಕ್ಕ. ಈಗಲೂ ಹಾಗೇ ಅನ್ನುತ್ತೇನೆ.

ವಯಸ್ಸಾದವರಿಗಾಗಿ ಒಂದು ಫೋನು ಮಾಡಿದೆವಲ್ಲ, ನಂಬರಿನ ಬದಲು ಮುಖಗಳಿರುವುದು, ಮುಖ ಒತ್ತಿದರೆ ಕರೆ ಹೋಗುವುದು. ಅದರ ಪರೀಕ್ಷೆಗೆ ಅಮ್ಮನನ್ನು ಕರೆದೊಯ್ದೆ. ಮೂರು ತಿಂಗಳಿಗೊಮ್ಮೆ, ಒಟ್ಟು ಎಂಟು ಸಲ. ಒಂದು ಪುಟ್ಟ ಕೋಣೆ, ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಕ್ಯಾಮೆರಾ. ಕನ್ನಡಿಯಂತೆ ಕಾಣುವ ಗಾಜಿನ ಆಚೆ ಮೇಷ್ಟ್ರು ಮತ್ತು ನಮ್ಮ ಗುಂಪು. ಅಲ್ಲಿ ನಾನು ಅಮ್ಮನನ್ನು ‘ನೀವು’ ಎನ್ನಬೇಕಿತ್ತು, ಎಲ್ಲರಿಗೂ ಅನ್ನುವ ಹಾಗೆ. “ಏನೇ ಇದು ನೀವು ತಾವು. ಹೆಣ್ಣು ನೋಡೋಕೆ ಬಂದಿದಾರಾ ಆ ಕಡೆ?” ಎಂದು ಮೊದಲ ಸಲ ಕೇಳಿ ಗಾಜಿನಾಚೆಯವರನ್ನೂ ನಗಿಸಿದಳು. ಅವತ್ತು ಎಲ್ಲವನ್ನೂ ಚಕಚಕ ಮಾಡಿದಳು. “ಮುಖ ಯಾಕೆ ಇಷ್ಟು ದೊಡ್ಡದು, ನನಗೇನು ಕಣ್ಣು ಕಾಣಲ್ವಾ?” ಎಂದು ನಮ್ಮನ್ನೇ ಗದರಿಸಿದಳು.

ಮೂರನೆಯ ಸಲ “ಚಿಕ್ಕ ಮಗಳಿಗೆ ಫೋನ್ ಮಾಡಿ” ಎಂದರೆ ನಿನ್ನ ಮುಖ ಒತ್ತಿದಳು. ಅಕ್ಕತಂಗಿಯರ ಮುಖ ಒಂದೇ ಥರ ಇದೆ, ಗೊಂದಲವಾಗುತ್ತಿದೆ ಎಂದು ಬರೆದುಕೊಂಡೆ. ನನ್ನ ಫೋಟೋ ಬದಲಿಸಿ ಕೆಂಪು ಸ್ವೆಟರಿನದು ಹಾಕಿದೆ. ಐದನೆಯ ಸಲ ಮಾತು ಮುಗಿದ ಮೇಲೆ ಫೋನನ್ನು ಕಿವಿಯಿಂದ ತೆಗೆಯದೆ ಕೂತಳು. ಕರೆ ಮುಗಿಸುವ ಗುರುತು ಸ್ಪಷ್ಟವಿಲ್ಲ ಎಂದು ಬರೆದುಕೊಂಡೆ. ‘ಮುಗಿಸು’ ಎಂದು ದಪ್ಪ ಅಕ್ಷರ ಬಂತು. ಅವಳು ಎಲ್ಲಾದರೂ ಸಿಕ್ಕಿಕೊಂಡರೆ ಆಪರೇಟರ್ ದನಿಯಲ್ಲಿ “ಒಂದ್ನಿಮಿಷ, ಲೈನಲ್ಲೇ ಇರಿ” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅದು ಮರೆತದ್ದನ್ನು ಮುಚ್ಚಿಕೊಳ್ಳುವ ಉಪಾಯ ಎಂದು ನನಗೆ ಹೊಳೆಯಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎರಡು ವರ್ಷ ಎಮ್ಮೆಗೆ ಬರೆ ಹಾಕಿದೆ. ಫೋನು ಮಾತ್ರ ಬಹಳ ಚೆನ್ನಾಗಿ ಬಂತು. ಆಫೀಸಿನಲ್ಲಿ ಯಾವ ಪರದೆ ತಯಾರಾದರೂ “ಅಮ್ಮ ಪಾಸ್ ಮಾಡಿದ್ರಾ?” ಎಂದು ಕೇಳುವುದು ರೂಢಿಯಾಯಿತು. ಅಮ್ಮನಿಗೆ ಆದರೆ ಊರಿಗೆಲ್ಲ ಆದಂತೆ ಎನ್ನುತ್ತಿದ್ದರು. ನನಗೆ ಹೆಮ್ಮೆ. ಅವಳು ತಪ್ಪು ಮಾಡಿದಷ್ಟೂ ನನ್ನ ಕೆಲಸ ಚೆನ್ನಾಗುತ್ತಿತ್ತು.

ಮನೆಯಲ್ಲೂ ಅದೇ ಕಣ್ಣು. ಒಲೆಯಲ್ಲಿ ಒಂದು ಉರಿ ಹಚ್ಚಲು ಹೋಗಿ ಇನ್ನೊಂದನ್ನು ತಿರುಗಿಸಿದರೆ, ಯಾವ ತಿರುಪು ಯಾವ ಉರಿಗೆ ಎಂದು ತಿಳಿಯದ ಹಾಗೆ ಒಲೆ ಮಾಡಿದ್ದಾರೆ ಎನ್ನುತ್ತಿದ್ದೆ. ಲಿಫ್ಟಿನಲ್ಲಿ ನಮ್ಮ ಮೂರನೆಯ ಮಹಡಿಯ ಬದಲು ಐದಕ್ಕೆ ಹೋಗಿ ಬೇರೆಯವರ ಬಾಗಿಲು ಬಡಿದು ಬಂದರೆ, ಲಿಫ್ಟಿನ ಅಂಕಿಗಳು ಸವೆದಿವೆ ಎಂದು ಕಟ್ಟಡದ ಮೇಲ್ವಿಚಾರಕರೊಂದಿಗೆ ಜಗಳ ಆಡಿದೆ. ಪಾಪ, ಅವರು ಹೊಸ ಫಲಕವನ್ನೇ ಹಾಕಿಸಿದರು.

ಆಗ ನೀನು ಫೋನ್ ಮಾಡಿದೆ. ಅಮ್ಮ ನಿನ್ನಲ್ಲಿ ಹದಿನೈದು ದಿನ ಇದ್ದು ಬಂದಿದ್ದಳು. ಹೇಳಲೋ ಬೇಡವೋ ಎಂದು ನೀನು ಹತ್ತು ದಿನ ತಡೆದುಕೊಂಡು ಮಾಡಿದ ಫೋನು ಅದು. “ಬಾಲ, ಬೇಜಾರು ಮಾಡ್ಕೋಬೇಡ. ಅಮ್ಮ ನಲ್ಲಿ ಮುಂದೆ ನಿಂತು ನೀರು ಹೇಗೆ ಬರ್ಸೋದು ಅಂತ ನನ್ನ ಕೇಳಿದ್ಳು. ಭಾವ ಬಂದ್ರಾ ಅಂತ ಒಂದೇ ಸಂಜೆ ನಾಲ್ಕು ಸಲ ಕೇಳಿದ್ಳು, ಅವರು ಎದುರಿಗೇ ಕೂತಿದ್ರು ಕಣೇ. ಒಳ್ಳೆ ಡಾಕ್ಟರಿಗೆ ತೋರ್ಸು” ಎಂದೆ. ನಾನೇನು ಅಂದೆ ಎಂಬುದು ನಿನಗೆ ನೆನಪಿದ್ದೇ ಇದೆ, ಆದರೂ ನನ್ನ ಕೈಯಿಂದ ಬರೆಯುತ್ತೇನೆ. “ನಿಮ್ಮನೆ ನಲ್ಲೀನ ಎತ್ತಬೇಕೋ ತಿರುಗಿಸ್ಬೇಕೋ ನನಗೇ ಗೊತ್ತಾಗಲ್ಲ. ವಸ್ತು ಸರಿ ಮಾಡೋಕಾಗದವ್ರು ಮನುಷ್ಯರ ತಲೆ ಸರಿಯಿಲ್ಲ ಅಂತಾರೆ. ಆ ಸಾಹೇಬರಿಗೂ ನಿನಗೂ ಏನು ವ್ಯತ್ಯಾಸ? ಅಮ್ಮನ್ನ ರೋಗಿ ಅನ್ನೋದಿದ್ರೆ ನಮ್ಮನೆಗೆ ಬರ್ಲೇಬೇಡ” ಎಂದೆ. “ನೀನು ಅಮ್ಮನ್ನ ನೋಡ್ತಾ ಇಲ್ಲ, ಅವಳ ಕೈಲಿರೋದನ್ನ ನೋಡ್ತಿದೀಯ” ಎಂದು ನೀನು ಫೋನ್ ಇಟ್ಟುಬಿಟ್ಟೆ.

ಇಷ್ಟಾಗಿಯೂ ನನ್ನ ಕಣ್ಣು ತೆರೆಸಿದ್ದು ಯಾರು ಗೊತ್ತೇ? ಆಫೀಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ. ಮೂಗಿಗಿಂತ ದೊಡ್ಡ ಕನ್ನಡಕ ಹಾಕುವುದರಿಂದ ನಾವು ಅವಳನ್ನು ಕನ್ನಡಕ ಎಂದೇ ಕರೆಯುತ್ತೇವೆ. ‘ಅಮ್ಮನ ಪರೀಕ್ಷೆ’ ಬಗ್ಗೆ ಎಲ್ಲರಿಗೂ ಒಂದು ಪಾಠ ತಯಾರಿಸು ಎಂದು ಮೇಷ್ಟ್ರು ಅವಳಿಗೆ ಹೇಳಿದ್ದರು. ಅವಳು ಎಂಟೂ ವಿಡಿಯೋಗಳನ್ನು ಒಂದೇ ದಿನ ಒಂದರ ಹಿಂದೊಂದು ನೋಡಿದಳು. ಹಾಗೆ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಮೇಡಂ, ಏನೋ ಉಲ್ಟಾ ಇದೆ. ಪರದೆ ಪ್ರತಿ ಸಲ ಸುಲಭ ಆಗಿದೆ. ಬೇರೆಯವರೆಲ್ಲ ಬೇಗ ಬೇಗ ಮಾಡ್ತಿದಾರೆ. ಅಮ್ಮ ಮಾತ್ರ ಪ್ರತಿ ಸಲ ನಿಧಾನ ಆಗಿದಾರೆ” ಎಂದಳು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, “ಮನೇಲಿ ಎಲ್ಲ ಆರಾಮಿದಾರಲ್ವಾ?” ಎಂದಳು.

ನೆಲ ಅಳೆದು ಅಳೆದು ಸಪಾಟು ಮಾಡಿಟ್ಟಿದ್ದೆ ಅಕ್ಕ. ನೆಲ ಡೊಂಕಿರಲಿಲ್ಲ.

ಡಾಕ್ಟರ ಕೋಣೆಯಲ್ಲೂ ಒಂದು ಮೇಜು, ಎರಡು ಕುರ್ಚಿ. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಅಮ್ಮನ ಮುಂದೆ ಒಂದು ಚಿತ್ರ ಇಟ್ಟು ಅದನ್ನು ನೋಡಿ ಬರೆಯಲು ಹೇಳಿದರು. ಅವಳು ಪೆನ್ಸಿಲ್ ಹಿಡಿದು ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಸಹಾಯ ಮಾಡಬೇಡಿ ಎಂದು ಕೈಸನ್ನೆ ಮಾಡಿ, ಏನೋ ಬರೆದುಕೊಂಡರು. ಅವರು ಕೂತಿದ್ದದ್ದು ನನ್ನ ಕುರ್ಚಿಯಲ್ಲಿ. ಆ ಕುರ್ಚಿ ಎದುರಿನವರಿಗೆ ಹೇಗೆ ಕಾಣುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

“ಎರಡು ವರ್ಷದಿಂದ ಇದೆ ಅನ್ಸತ್ತೆ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?” ಎಂದು ಕೇಳಿದರು. “ನಮ್ಮಕ್ಕನಿಗೆ ಗೊತ್ತಾಗಿತ್ತು” ಎಂದೆ. ಮೊದಲೇ ಬಂದಿದ್ದರೆ ಗುಣವಾಗುತ್ತಿತ್ತೇ ಎಂದು ಕೇಳಿದ್ದಕ್ಕೆ ಅವರು ಸುಳ್ಳು ಸಮಾಧಾನ ಹೇಳಲಿಲ್ಲ. “ಗುಣ ಆಗ್ತಿತ್ತು ಅಂತ ಹೇಳಲ್ಲ. ಆದ್ರೆ ತನಗೇನು ಬೇಕು, ಎಲ್ಲಿರ್ಬೇಕು, ಯಾರ ಜೊತೆ ಇರ್ಬೇಕು ಅಂತ ಅವರೇ ಕೂತು ಹೇಳ್ಬಹುದಿತ್ತು” ಎಂದರು. ಆ ಕಾಲವನ್ನು ನಾನು ಬಟನ್ನುಗಳಿಗೆ ಕೊಟ್ಟೆ.

ಈಗ ಮನೆಯ ತುಂಬ ಚೀಟಿ ಅಂಟಿಸಿದ್ದೇನೆ. ಕಪಾಟಿಗೆ, ಡಬ್ಬಿಗೆ, ಬಚ್ಚಲ ಬಾಗಿಲಿಗೆ. ಕಲಿತ ಬುದ್ಧಿ ಎಲ್ಲಿಗೆ ಹೋಗುತ್ತದೆ. “ಏನೇ ಇದು, ಮನೇನ ಅಂಗಡಿ ಮಾಡಿದೀಯ” ಎಂದು ಅಮ್ಮ ನಗುತ್ತಾಳೆ. ಒಳ್ಳೆಯ ದಿನಗಳಿವೆ. ಮೊನ್ನೆ ಎಕ್ಸ್‌ಚೇಂಜಿನ ಹಳೆಯ ನಂಬರುಗಳನ್ನು ಒಂದೊಂದಾಗಿ ಹೇಳಿದಳು, ಯಾವ ಡಾಕ್ಟರದು, ಯಾವ ಶಾಲೆಯದು ಎಂದು ಸಮೇತ. ನಿನ್ನ ಹೆಸರನ್ನೂ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಕೆಲವು ಸಲ ನನ್ನನ್ನು ಕರೆಯುವಾಗ ಹೇಳುತ್ತಾಳೆ. ನಾನು ಓಗೊಡುತ್ತೇನೆ.

ಇನ್ನೊಂದು ವಿಷಯ. ಕಳೆದ ವಾರ ಅಮ್ಮನ ಕನ್ನಡಕದ ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯ ಕಾಗದ ಸಿಕ್ಕಿತು. ಹಳೆಯ ಕ್ಯಾಲೆಂಡರಿನ ಹಿಂಬದಿ. ಅದರಲ್ಲಿ ಅವಳು ತನ್ನ ಬೋರ್ಡನ್ನು ಬರೆದಿದ್ದಾಳೆ, ಸಾಲುಸಾಲು ರಂಧ್ರಗಳು. ಪ್ರತಿ ರಂಧ್ರದ ಪಕ್ಕ ಒಂದು ಹೆಸರು, ಅಲ್ಲಿಂದ ಒಂದು ಗೆರೆ ಎಳೆದು ಕೆಳಗೆ ಅದರ ಕೆಲಸ. ‘ಹಾಲಿನವನು — ಬೆಳಿಗ್ಗೆ ಎರಡು ಪ್ಯಾಕೆಟ್.’ ‘ಲಿಫ್ಟು — ಮೂರು ಒತ್ತು. ನೀಲಿ ಬಾಗಿಲು ನಮ್ಮದು.’ ಎಷ್ಟು ಅಚ್ಚುಕಟ್ಟು ಎಂದರೆ ನಮ್ಮ ಆಫೀಸಿನ ಹದಿನಾಲ್ಕು ಜನ ಸೇರಿದರೂ ಅಂಥದ್ದು ಮಾಡಿಲ್ಲ. ಒತ್ತಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ನನ್ನ ಫೋನಿನಿಂದ ಆಗದ್ದನ್ನು ಅವಳು ಯಾರಿಗೂ ಹೇಳದೆ ತಾನೇ ಮಾಡಿಕೊಂಡಿದ್ದಳು.

ಮೊದಲ ಸಾಲಿನ ಮೊದಲ ರಂಧ್ರ ನಿನ್ನದು. ‘ದೊಡ್ಡವಳು — ಏನಾದರೂ ಆದರೆ ಇವಳಿಗೆ ಹೇಳು.’ ಎರಡನೆಯದು ನನ್ನದು. ‘ಚಿಕ್ಕವಳು — ಮನೆಯಲ್ಲೇ ಇರುತ್ತಾಳೆ. ಕೇಳಬೇಡ, ಬರೆದುಕೊಳ್ಳುತ್ತಾಳೆ.’

ಅದನ್ನು ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅಮ್ಮ ಬಂದು, ಏನು ಕಳೆದುಕೊಂಡೆ, ಹುಡುಕಿಕೊಡುತ್ತೇನೆ ಎಂದಳು. ನನ್ನ ಜೊತೆ ತಾನೂ ಕೂತು ನೆಲದ ಮೇಲೆ ಹುಡುಕಿದಳು.

ಅಕ್ಕ, ಬಾ. ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳಲು ನನಗೆ ಮುಖವಿಲ್ಲ. ನನ್ನ ಜೊತೆ ಮಾತಾಡಬೇಡ, ಬೇಕಾದರೆ ಬಾಗಿಲು ತೆರೆದು ನಾನು ಹೊರಗೆ ಹೋಗುತ್ತೇನೆ. ಆದರೆ ಅವಳ ಬೋರ್ಡಿನಲ್ಲಿ ನಿನ್ನ ಲೈನು ಇನ್ನೂ ಇರುವಾಗ ಬಾ. ಬೇಸಗೆ ಮುಗಿಯುವವರೆಗೆ ಕಾಯಬೇಡ. ಅವಳನ್ನು ನಿನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನೀನು ಹೇಳಿದರೂ ನಾನು ಎದುರಾಡುವುದಿಲ್ಲ. ಅವಳನ್ನೇ ಕೇಳೋಣ, ಇಬ್ಬರೂ ಕೂತು. ಒಳ್ಳೆಯ ದಿನ ನೋಡಿ ಕೇಳಿದರೆ ಈಗಲೂ ಹೇಳುತ್ತಾಳೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಣ್ಣೂ ಕತ್ತರಿಯೂ ಎಂದಿನಂತೆ ಚುರುಕಾಗಿರಲಿ, ಹಚ್ಚಿದ ಬಟನ್ನು ಒಂದೂ ಕಿತ್ತು ಬಾರದಿರಲಿ. ಆಶೀರ್ವಾದ ಮಾಡುವಷ್ಟು ಮನಸ್ಸಿದ್ದರೆ ಮಾಡು. ಇಲ್ಲದಿದ್ದರೆ ಅಂಗಡಿಗೆ ಬಂದ ಗಿರಾಕಿಯ ಹಾಗೆ ನನ್ನನ್ನು ಬಂದು ಬೈದು ಹೋಗು. ನನ್ನದಕ್ಕೆ ಯಾರನ್ನು ಬೈಯುವುದು ಎಂದು ಕೇಳುತ್ತಿದ್ದೆಯಲ್ಲ, ವಿಳಾಸ ಲಕೋಟೆಯ ಹಿಂದೆ ಇದೆ.

ಇಂತಿ,
ನಿನ್ನ ಬಾಲ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಕನ್ನಡಕ ಹೇಳಿದ ಮೇಲೆ ನಾನೂ ಆ ವಿಡಿಯೋಗಳನ್ನು ನೋಡಿದೆ. ಆರನೆಯದರಲ್ಲಿ ಅಮ್ಮ ನಡುವೆ ಫೋನನ್ನು ಮೇಜಿನ ಮೇಲೆ ಇಡುತ್ತಾಳೆ. ಗಾಜಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಮನೆಯಲ್ಲಿ ಕರೆಯುವ ಹೆಸರಿನಿಂದಲೇ, “ಚಿಕ್ಕಿ, ನನಗೇನಾದ್ರೂ ಆಗ್ತಿದೆಯಾ?” ಎಂದು ಕೇಳುತ್ತಾಳೆ. ನಾನು ತಲೆಯೆತ್ತದೆ, ಎಲ್ಲರಿಗೂ ಹೇಳುವ ಅದೇ ಮೆಲುದನಿಯಲ್ಲಿ, “ನಿಮಗೇನನಿಸುತ್ತೆ?” ಎನ್ನುತ್ತೇನೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾಳೆ. ಆಮೇಲೆ ಫೋನು ಎತ್ತಿಕೊಂಡು, “ಏನಿಲ್ಲ, ಆ ಬಟನ್ನು ಎಲ್ಲಿದೆ ಅಂತ ಹುಡುಕ್ತಿದ್ದೆ” ಎನ್ನುತ್ತಾಳೆ. ‘ಬಟನ್ನು ಕಾಣುತ್ತಿಲ್ಲ, ದೊಡ್ಡದು ಮಾಡಬೇಕು’ ಎಂದು ಬರೆದುಕೊಂಡೆ. ಮಾಡಿದೆವು.

ಅದು ಸೋಮವಾರ. ನೀನು ಫೋನ್ ಮಾಡಿದ್ದು ಅದೇ ವಾರದ ಶುಕ್ರವಾರ. ಅವಳು ಕೇಳಿದ್ದು ಬಟನ್ನಿನ ಬಗ್ಗೆ ಅಲ್ಲ ಎಂದು ನನಗೆ ಸೋಮವಾರವೇ ಗೊತ್ತಿತ್ತು ಅಕ್ಕ. ನಿನ್ನ ಮೇಲೆ ಅಷ್ಟು ಕೂಗಾಡಿದ್ದು ಅದಕ್ಕೇ.